ತಗಡಿನ ನೆರಳು

ರಿಯಾದ್, ದಮ್ಮಾಮ್, ಜಿದ್ದಾ, ಜುಬೈಲ್: ಸೌದಿ ಅರೇಬಿಯಾದ ಯಾವ ನಗರದ ಅಂಚಿಗೆ ಹೋದರೂ ಒಂದು ‘ಸನಾಯಾ’ ಎದುರಾಗುತ್ತದೆ. ಅರಬ್ಬಿಯಲ್ಲಿ ಕೈಗಾರಿಕೆ ಎಂಬ ಅರ್ಥದ ಈ ಪದವನ್ನು ಮಂಗಳೂರು, ಭಟ್ಕಳ, ಕಾಸರಗೋಡುಗಳಿಂದ ಹೋದವರು ಒಂದು ಊರಿನ ಹೆಸರಿನಂತೆ ಬಳಸುತ್ತಾರೆ. ಗ್ಯಾರೇಜು, ವೆಲ್ಡಿಂಗ್ ಶಾಪು, ಟಯರ್ ಅಂಗಡಿ, ಹಳೆಯ ಎಂಜಿನ್ನುಗಳ ರಾಶಿ, ಇವುಗಳ ನಡುವೆ ಒಂದು ಬೆರಕೆ ನುಡಿ. ಇಂಗ್ಲಿಷಿನ ವರ್ಕ್‌ಶಾಪ್ ಅಲ್ಲಿ ‘ವರ್ಶಾ’ ಆಗಿದೆ. ಫ್ರೆಂಚಿನಿಂದ ಬಂದ ‘ಶಕ್ಮಾನ್’ ಎಂದರೆ ಕನ್ನಡನಾಡಿನ ಮೆಕ್ಯಾನಿಕ್ ಸೈಲೆನ್ಸರ್ ಪೈಪು ಎನ್ನುವ ವಸ್ತು. ‘ತಬ್ಲೂನ್’ ಎಂದರೆ ಡ್ಯಾಶ್‌ಬೋರ್ಡು. ಇವುಗಳ ಜೊತೆಗೆ ಉರ್ದು, ಮಲಯಾಳ, ಬ್ಯಾರಿ ಬೆರೆತ ಮಾತನ್ನು ಹೊಸದಾಗಿ ಹೋದ ಹುಡುಗ ಕೆಲವೇ ತಿಂಗಳಲ್ಲಿ ಕಲಿತುಬಿಡುತ್ತಾನೆ. ಕಲಿಯದೆ ಗತಿಯೂ ಇಲ್ಲ.

ಈ ಸನಾಯಾಗಳಲ್ಲಿ ನಡೆಯುವ ನೂರು ಬಗೆಯ ಕೆಲಸಗಳಲ್ಲಿ ಒಂದನ್ನು ಇಲ್ಲಿ ಎತ್ತಿಕೊಳ್ಳಬಹುದು: ಡೀಸೆಲ್ ಲಾರಿಗೋ ಪಿಕಪ್ಪಿಗೋ ಕಂಪನಿ ಕೊಟ್ಟ ಎರಕದ ಮ್ಯಾನಿಫೋಲ್ಡನ್ನು ಬಿಚ್ಚಿ, ಕೊಳವೆಗಳಿಂದ ಬೆಸೆದ ಹೆಡರ್ ಕೂರಿಸುವುದು, ಜೊತೆಗೆ ಹೊಗೆಯ ಉಷ್ಣತೆಯನ್ನು ತೋರಿಸುವ ಒಂದು ಗೇಜನ್ನು ಚಾಲಕನ ಕಣ್ಣಿಗೆ ಕಾಣುವಂತೆ ಜೋಡಿಸುವುದು. ಕೆಲಸ ಸಣ್ಣದು. ಆದರೆ ಉಷ್ಣತೆಯನ್ನು ಯಾರು ಅಳೆಯುತ್ತಾರೆ, ಯಾರಿಗಾಗಿ ಅಳೆಯುತ್ತಾರೆ, ಅಳೆದ ಮೇಲೆ ಏನು ಮಾಡುತ್ತಾರೆ ಎಂಬ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಪ್ರತಿಯೊಂದು ವಾಹನದಲ್ಲೂ ನೀರಿನ ಉಷ್ಣತೆ ತೋರಿಸುವ ಮುಳ್ಳು ಇದ್ದೇ ಇರುತ್ತದೆ. ಅದರ ಮೇಲೆ ಅನುಭವಿ ಚಾಲಕರಿಗೆ ನಂಬಿಕೆ ಕಡಿಮೆ. ಎಂಜಿನ್ನಿನ ಒಳಗೆ ಅನಾಹುತ ಆರಂಭವಾಗಿ, ಲೋಹ ಕಾದು, ಆ ಕಾವು ನೀರಿಗೆ ಇಳಿದ ನಂತರವೇ ಅದು ಏಳುವುದು. ಸಾಲದೆಂಬಂತೆ, ಇತ್ತೀಚಿನ ಎಷ್ಟೋ ವಾಹನಗಳಲ್ಲಿ ಸಣ್ಣಪುಟ್ಟ ಏರಿಳಿತ ಕಂಡು ಗ್ರಾಹಕ ಗಾಬರಿಯಾಗದಿರಲೆಂದು ಮುಳ್ಳು ನಡುವಿನಲ್ಲೇ ನಿಲ್ಲುವಂತೆ ತಯಾರಕರೇ ಹೊಂದಿಸಿರುತ್ತಾರೆ. ಸರ್ಕಾರಿ ವರದಿಗಳನ್ನು ಓದಿ ಬಲ್ಲವರಿಗೆ ಈ ವಿದ್ಯೆ ಹೊಸದಲ್ಲ.

ಪೈರೋಮೀಟರ್ ಹಾಗಲ್ಲ. ಕ್ರೋಮೆಲ್ ಮತ್ತು ಅಲ್ಯೂಮೆಲ್ ಎಂಬ ಎರಡು ಮಿಶ್ರಲೋಹಗಳ ತಂತಿಗಳನ್ನು ತುದಿಯಲ್ಲಿ ಸೇರಿಸಿ ಆ ತುದಿಯನ್ನು ಹೊಗೆಯ ಪ್ರವಾಹದೊಳಕ್ಕೆ ಇಳಿಸಲಾಗುತ್ತದೆ. ತುದಿ ಕಾದಂತೆ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟಿನಂತೆ ವಿದ್ಯುತ್ತಿನ ಸಣ್ಣ ಸುಳಿವೊಂದು ಹುಟ್ಟುತ್ತದೆ. 1821ರಲ್ಲಿ ಥಾಮಸ್ ಸೀಬೆಕ್ ಗುರುತಿಸಿದ ತತ್ತ್ವವಿದು. ಮುಳ್ಳು ಕ್ಷಣಗಳಲ್ಲಿ ಉತ್ತರ ಕೊಡುತ್ತದೆ. ಇದನ್ನು ಕೂರಿಸಬೇಕಾದ ಜಾಗ ಟರ್ಬೊದ ಮುಂದೆ, ಮ್ಯಾನಿಫೋಲ್ಡಿನ ಕೊಳವೆಗಳು ಕೂಡುವಲ್ಲಿ. ಟರ್ಬೊ ದಾಟಿದ ಮೇಲೆ ಹೊಗೆ ನೂರು ಡಿಗ್ರಿಗೂ ಹೆಚ್ಚು ತಣ್ಣಗಾಗಿರಬಹುದು. ಸುಲಭವೆಂದು ಅಲ್ಲಿ ರಂಧ್ರ ಕೊರೆದರೆ ಗೇಜು ಸಮಾಧಾನ ಹೇಳುತ್ತದೆಯೇ ಹೊರತು ಸತ್ಯವನ್ನಲ್ಲ. ಮುಂದೆ ಕೊರೆಯುವಾಗಲೂ ಮ್ಯಾನಿಫೋಲ್ಡನ್ನು ಬಿಚ್ಚಿ ಹೊರಗಿಡುವುದೇ ಸರಿಯಾದ ಕ್ರಮ. ಬಿಚ್ಚದೆ ಕೊರೆಯುವವರು ಡ್ರಿಲ್ ಬಿಟ್ಟಿಗೆ ದಪ್ಪಗೆ ಗ್ರೀಸು ಮೆತ್ತಿ ಕಬ್ಬಿಣದ ಚೂರುಗಳನ್ನು ಹಿಡಿಯಲು ನೋಡುತ್ತಾರೆ. ಒಂದು ಚೂರು ತಪ್ಪಿ ಟರ್ಬೊದ ಚಕ್ರಕ್ಕೆ ಬಿದ್ದರೆ ಆ ನಷ್ಟ ಯಾರ ಸಂಬಳದಿಂದ ಕಡಿತವಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಕಡಿಮೆಯಾದರೆ ಕಾವು ಏರುವ ಭಯ. ಡೀಸೆಲಿನಲ್ಲಿ ಇದು ತಿರುಗುಮುರುಗು. ಅಲ್ಲಿ ಗಾಳಿ ಯಾವಾಗಲೂ ಹೆಚ್ಚೇ ಇರುತ್ತದೆ, ಇಂಧನ ಹೆಚ್ಚಿದಷ್ಟೂ ಹೊಗೆ ಕಾಯುತ್ತದೆ. ಸುಮಾರು 700 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಹೆಚ್ಚು ಹೊತ್ತು ನಿಲ್ಲಬಾರದೆಂಬುದು ಮೆಕ್ಯಾನಿಕ್‌ಗಳ ರೂಢಿಯ ಲೆಕ್ಕ. ಶುದ್ಧ ಅಲ್ಯುಮಿನಿಯಮ್ ಕರಗುವುದು 660ಕ್ಕೆ. ಪಿಸ್ಟನ್ ಬದುಕುವುದು ಬೆಂಕಿ ಅದನ್ನು ಕ್ಷಣಕಾಲ ಮಾತ್ರ ತಾಕಿ ಹೋಗುವುದರಿಂದ, ಮತ್ತು ಎಣ್ಣೆ ಅದನ್ನು ಕೆಳಗಿನಿಂದ ತಣಿಸುವುದರಿಂದ.

ಇಲ್ಲಿಗೆ ಸೌದಿಯ ಬೇಸಿಗೆಯನ್ನು ತಂದು ಸೇರಿಸಬೇಕು. 20 ಡಿಗ್ರಿಯ ಗಾಳಿಗೆ ಹೋಲಿಸಿದರೆ 50 ಡಿಗ್ರಿಯ ಗಾಳಿಯ ಸಾಂದ್ರತೆ ಶೇಕಡಾ 9ರಷ್ಟು ಕಡಿಮೆ. ಅದೇ ಹೊರೆಗೆ ಅದೇ ಇಂಧನ ಬೇಕು, ಆದರೆ ಉಸಿರು ಕಡಿಮೆ. ಮೆಕ್ಕಾದ ಬಯಲಿನಿಂದ ತಾಯಿಫ್‌ನ ಎತ್ತರಕ್ಕೆ, ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರಿಗೂ ಮೇಲೆ ಹತ್ತುವ ಲಾರಿಗೆ ಎತ್ತರವೂ ಸೇರಿ ಗಾಳಿ ಮತ್ತಷ್ಟು ತೆಳುವಾಗುತ್ತದೆ. ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಸಕಲೇಶಪುರಕ್ಕೆ ಮರಳು ಲಾರಿ ಹತ್ತಿಸಿದ ಚಾಲಕನಿಗೆ ಏರಿನ ಕಷ್ಟ ಗೊತ್ತು. ಅಲ್ಲಿ ನೆರಳೂ ಉಂಟು, ಮಳೆಯೂ ಉಂಟು. ಇಲ್ಲಿ ಗೇಜಿನ ಮುಳ್ಳೊಂದೇ ಅವನ ದಿಕ್ಕು. ಮುಳ್ಳು ಏರಿದಾಗ ಅವನು ಒಂದು ಗೇರ್ ಕೆಳಗಿಳಿಸುತ್ತಾನೆ, ಆಕ್ಸಿಲರೇಟರಿನಿಂದ ಕಾಲು ತುಸು ಎತ್ತುತ್ತಾನೆ. ಎಂಜಿನ್ ಬದುಕಿಕೊಳ್ಳುತ್ತದೆ.

ಹೆಡರಿನ ಬಗ್ಗೆ ಇಷ್ಟೇ ಔದಾರ್ಯದಿಂದ ಮಾತನಾಡಲಾಗದು. ಟರ್ಬೊ ಇರುವ ಡೀಸೆಲಿಗೆ ಉದ್ದುದ್ದ ಕೊಳವೆಗಳಿಂದ ಸಿಗುವ ಲಾಭ ಅದನ್ನು ಮಾರುವವರು ಹೇಳುವಷ್ಟಿಲ್ಲ. ಟರ್ಬೊ ತಿರುಗಬೇಕಾದ ಕಾವೇ ಕೊಳವೆಯ ಗೋಡೆಗಳಿಂದ ಹೊರಗೆ ಸೋರುತ್ತದೆ. ಸೋರದಿರಲೆಂದು ಫೈಬರ್‌ಗ್ಲಾಸ್ ಪಟ್ಟಿ ಸುತ್ತುತ್ತಾರೆ. ಸುತ್ತಿದ ಮೇಲೆ ಕೊಳವೆ ಇನ್ನಷ್ಟು ಕಾದು ಬೆಸುಗೆಯಲ್ಲಿ ಬಿರುಕು ಬಿಡುತ್ತದೆ. 80 ಸೆಂಟಿಮೀಟರ್ ಉದ್ದದ ಸ್ಟೇನ್‌ಲೆಸ್ ಕೊಳವೆ 600 ಡಿಗ್ರಿ ಕಾದರೆ 8 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಭಾರೀ ಲಾರಿಗಳ ಮ್ಯಾನಿಫೋಲ್ಡನ್ನು ಕಂಪನಿಗಳು ಒಂದರೊಳಗೊಂದು ಜಾರುವ ತುಂಡುಗಳಾಗಿ ಮಾಡುವುದು ಈ ಹಿಗ್ಗುವಿಕೆಗೆ ದಾರಿ ಬಿಡಲೆಂದೇ. ಸಂಜೆಯ ಮರಳುದಿಬ್ಬದ ಸಾಹಸಕ್ಕೆ ಪಿಕಪ್ಪನ್ನು ಸಜ್ಜುಗೊಳಿಸುವ ಶ್ರೀಮಂತ ತರುಣನಿಗೆ ಹೆಡರ್ ಎಂದರೆ ಸದ್ದು ಮತ್ತು ಕಪ್ಪು ಹೊಗೆ. ಸಂಚಾರ ಕಾನೂನಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡು ಅಪರಾಧ, ತಪಾಸಣೆಗೆ ಮುನ್ನ ಹಳೆಯ ಮ್ಯಾನಿಫೋಲ್ಡ್ ಮತ್ತೆ ಕೂರಬೇಕಾದೀತು. ಕೂರಿಸುವುದೂ ಅದೇ ಮೆಕ್ಯಾನಿಕ್. ಲಾರಿ ಮಾಲೀಕನ ಲೆಕ್ಕ ಬೇರೆ. ಲೀಟರಿಗೆ 0.75 ರಿಯಾಲ್ ಇದ್ದ ಡೀಸೆಲ್ ಬೆಲೆಯನ್ನು 2024ರ ಜನವರಿಯಲ್ಲಿ ಆರಾಮ್ಕೊ 1.15ಕ್ಕೆ, 2025ರ ಜನವರಿಯಲ್ಲಿ 1.66ಕ್ಕೆ ಏರಿಸಿತು. ಎರಡು ವರ್ಷದೊಳಗೆ ಇಮ್ಮಡಿಗಿಂತ ಹೆಚ್ಚು. ಇಂಧನ ನೀರಿಗಿಂತ ಅಗ್ಗವಾಗಿದ್ದ ನಾಡಿನಲ್ಲಿ ಹೊಗೆಯೊಳಗೆ ಎಷ್ಟು ದುಡ್ಡು ಹಾರಿಹೋಗುತ್ತಿದೆ ಎಂದು ನೋಡುವ ಅಗತ್ಯ ಈಗ ಹುಟ್ಟಿದೆ.

ಇನ್ನು ಕೆಲಸದ ರೀತಿ. ಹಳೆಯ ಸ್ಟಡ್ಡುಗಳು ತುಕ್ಕು ಹಿಡಿದು ಕಾವಿಗೆ ಬೆಸೆದುಕೊಂಡಂತಿರುತ್ತವೆ. ಗ್ಯಾಸ್ ಕಟರಿನಿಂದ ಕಾಯಿಸಿ ಸಡಿಲಿಸಬೇಕು, ಮುರಿದರೆ ಹೆಡ್ಡಿನಲ್ಲೇ ಕೊರೆದು ತೆಗೆಯಬೇಕು. ಗ್ಯಾಸ್ಕೆಟ್ ಕೂರಿಸಿ ನಡುವಿನಿಂದ ಹೊರಕ್ಕೆ ಸರದಿಯಂತೆ ನಟ್ಟು ಬಿಗಿಯಬೇಕು. ಒಮ್ಮೆ ಎಂಜಿನ್ ಕಾಯಿಸಿ ಆರಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಹೊಸ ಪಟ್ಟಿ ಸುತ್ತಿದ ಹೆಡರ್ ಮೊದಲ ಸಲ ಕಾದಾಗ ದಟ್ಟ ಹೊಗೆ ಬರುತ್ತದೆ. ಈ ಎಲ್ಲ ಹೊತ್ತೂ ಮೆಕ್ಯಾನಿಕ್ ಬಾನೆಟ್ಟಿನೊಳಗೆ ಸೊಂಟದವರೆಗೆ ಬಾಗಿರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನೂ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆಂಬ ಮೊದಲ ಗುಂಪಿಗೆ ಸೇರಿಸಿತು. ಸ್ಟೇನ್‌ಲೆಸ್ ಬೆಸೆಯುವಾಗ ಏಳುವ ಹೊಗೆಯಲ್ಲಿ ಕ್ರೋಮಿಯಮ್ಮಿನ ವಿಷರೂಪವೂ ಇರುತ್ತದೆ. ಹೆಡರ್ ಮಾಡುವವನಿಗೆ ಮೂರೂ ಒಟ್ಟಿಗೆ ದೊರೆಯುತ್ತವೆ, ಮೇಲೆ ಕಾದ ತಗಡು.

ಸೌದಿಯ ಕಾನೂನು ಈ ತಗಡಿನ ಕೆಳಗೆ ಇಣುಕುವುದಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ನೇರ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮ ಅಲ್ಲಿದೆ. ಅದು ಒಳ್ಳೆಯ ನಿಯಮ. ಕಟ್ಟಡದ ಕೆಲಸಗಾರರಿಗೆ ಅದರಿಂದ ನಿಜವಾದ ಪ್ರಯೋಜನವಿದೆ. ತೈಲ ಮತ್ತು ಅನಿಲ ಕಂಪನಿಗಳ ಕೆಲಸಗಾರರಿಗೆ, ತುರ್ತು ದುರಸ್ತಿಗೆ ವಿನಾಯಿತಿ ಇರುವುದು ಬೇರೆ ಮಾತು. ತೊಡಕು ಇರುವುದು ‘ಬಿಸಿಲಿನಲ್ಲಿ’ ಎಂಬ ಪದದಲ್ಲಿ. ಗ್ಯಾರೇಜಿಗೆ ಚಾವಣಿಯಿದೆ, ಆದ್ದರಿಂದ ಅದು ನೆರಳು. ನೆರಳು ಎಂದ ಮೇಲೆ ಆ ಮೂರು ಗಂಟೆ ಅಲ್ಲಿ ಮೂರು ಗಂಟೆಯ ದುಡಿಮೆಯೇ. ಗಡಿಯಾರ ಮತ್ತು ಪಂಚಾಂಗವನ್ನು ನೋಡುವ ಕಾನೂನಿಗೆ ಥರ್ಮಾಮೀಟರ್ ನೋಡುವ ಅಭ್ಯಾಸವಿಲ್ಲ.

ಅಳತೆಯ ವಿದ್ಯೆ ಇಲ್ಲವೆಂದಲ್ಲ. 1950ರ ದಶಕದಲ್ಲಿ ಅಮೆರಿಕದ ನೌಕಾದಳದ ತರಬೇತಿ ಶಿಬಿರಗಳಲ್ಲಿ ಸೈನಿಕರು ಕಾವಿಗೆ ಕುಸಿಯುತ್ತಿದ್ದಾಗ ರೂಪುಗೊಂಡ ಒಂದು ಸೂಚ್ಯಂಕ ಇಂದಿಗೂ ಬಳಕೆಯಲ್ಲಿದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್, ಕಪ್ಪು ಗೋಳದೊಳಗಿನ ಥರ್ಮಾಮೀಟರ್, ಸಾಮಾನ್ಯ ಥರ್ಮಾಮೀಟರ್, ಈ ಮೂರನ್ನೂ ಕೂಡಿಸುವ ಲೆಕ್ಕ ಅದು. ಬೆವರು ಆರುತ್ತದೆಯೋ ಇಲ್ಲವೋ ಎಂಬುದಕ್ಕೆ ಅದರಲ್ಲಿ ಶೇಕಡಾ 70ರ ತೂಕ. ರಿಯಾದ್‌ನ ಒಣ 45 ಡಿಗ್ರಿಗೂ ದಮ್ಮಾಮ್ ಕಡಲಂಚಿನ ಜಿಗುಟು 40 ಡಿಗ್ರಿಗೂ ದೇಹ ಕೊಡುವ ಉತ್ತರ ಬೇರೆ ಬೇರೆಯೆಂಬುದನ್ನು ಅದು ಬಲ್ಲದು. ಚಾವಣಿಯ ಕೆಳಗಿನ ಕೆಲಸಕ್ಕೂ ಅದರಲ್ಲಿ ಪ್ರತ್ಯೇಕ ಸೂತ್ರವಿದೆ. ಕಾದ ತಗಡು, ಕಾದ ಎಂಜಿನ್ನು ಸೂಸುವ ಕಾವು ಕಪ್ಪು ಗೋಳದ ಮೂಲಕ ಲೆಕ್ಕಕ್ಕೆ ಬರುತ್ತದೆ. ನೆರಳೆಂದರೆ ತಂಪಲ್ಲ ಎಂಬುದು ವಿಜ್ಞಾನಕ್ಕೆ ಗೊತ್ತಾಗಿ ಅರವತ್ತಕ್ಕೂ ಹೆಚ್ಚು ವರ್ಷಗಳಾಗಿವೆ. ನೆರೆಯ ಕತಾರ್, ವಿಶ್ವಕಪ್ ಮುನ್ನಾದಿನಗಳ ಟೀಕೆಯ ಬಿಸಿ ತಟ್ಟಿದ ಮೇಲೆ, 2021ರಲ್ಲಿ ಈ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಗಂಟೆ ಎಷ್ಟೇ ಆಗಿರಲಿ ಕೆಲಸ ನಿಲ್ಲಬೇಕೆಂಬ ನಿಯಮ ತಂದಿತು. 2034ರ ವಿಶ್ವಕಪ್ ಸೌದಿಗೆ ಸಿಕ್ಕಿರುವಾಗ ಅಲ್ಲಿಯೂ ಇದನ್ನೇ ಕೇಳುವುದು ಅತಿಯಾಸೆಯಲ್ಲ.

ಎಂಜಿನ್ನಿಗೆ ಮೀಟರುಂಟು, ಮನುಷ್ಯನಿಗಿಲ್ಲ ಎಂದು ಇಲ್ಲಿಗೇ ನಿಲ್ಲಿಸಿದರೆ ಒಂದು ಒಳ್ಳೆಯ ಭಿತ್ತಿಪತ್ರವಾದೀತು. ಅನಿವಾಸಿ ಪ್ರಗತಿಪರ ವಲಯಗಳಲ್ಲಿ ಇಂಥ ಭಿತ್ತಿಪತ್ರಗಳಿಗೆ ಕೊರತೆಯಿಲ್ಲ. ಆದರೆ ವಾದ ಅಷ್ಟಕ್ಕೇ ಮುಗಿದರೆ ಅದು ಸೋಮಾರಿತನ. ಪೈರೋಮೀಟರ್ ಎಂಜಿನ್ನನ್ನು ಉಳಿಸುವುದು ಅದು ಉಷ್ಣತೆಯನ್ನು ತೋರಿಸುವುದರಿಂದ ಮಾತ್ರವಲ್ಲ, ಅದನ್ನು ನೋಡುವವನ ಕಾಲ ಕೆಳಗೆ ಆಕ್ಸಿಲರೇಟರ್ ಇರುವುದರಿಂದ. ಮುಳ್ಳು ನೋಡಿದವನಿಗೇ ಕಾಲೆತ್ತುವ ಅಧಿಕಾರವಿದೆ. ಸನಾಯಾದ ಪ್ರತಿಯೊಂದು ಗೋಡೆಗೂ ಕಪ್ಪು ಗೋಳವೊಂದನ್ನು ತೂಗುಹಾಕಿ, ಅದು 34 ತೋರಿಸಿದಾಗ ಸ್ಪ್ಯಾನರ್ ಕೆಳಗಿಡುವ ಹಕ್ಕು ಮೆಕ್ಯಾನಿಕ್‌ಗೆ ಇಲ್ಲದಿದ್ದರೆ, ತಾನು ಎಷ್ಟು ಬೇಯುತ್ತಿದ್ದೇನೆಂಬ ನಿಖರ ಸಂಖ್ಯೆಯಷ್ಟೇ ಅವನಿಗೆ ದಕ್ಕುತ್ತದೆ.

ಆ ಹಕ್ಕಿಗೆ ಒಂದು ಚರಿತ್ರೆಯಿದೆ. ಇದೇ ಪೂರ್ವ ಪ್ರಾಂತ್ಯದಲ್ಲಿ, ಧಹ್ರಾನ್‌ನ ಸುತ್ತ, 1953ರಲ್ಲಿ ಆರಾಮ್ಕೊ ಕಾರ್ಮಿಕರು ದೊಡ್ಡ ಮುಷ್ಕರ ನಡೆಸಿದರು. 1956ರಲ್ಲಿ ಮತ್ತೆ ಎದ್ದರು. ಅದೇ ವರ್ಷ ರಾಜಾಜ್ಞೆ ಹೊರಟು ಮುಷ್ಕರ ನಿಷಿದ್ಧವಾಯಿತು. ಅಮೆರಿಕದ ಕೆನ್‌ವರ್ತ್ ಕಂಪನಿ ಆ ದಶಕದಲ್ಲಿ ಆರಾಮ್ಕೊಗೆಂದೇ ಮರಳುಗಾಡಿನ ಕಾವಿಗೆ ತಕ್ಕ ಭಾರೀ ಲಾರಿಗಳನ್ನು ರೂಪಿಸಿಕೊಟ್ಟಿತು. ಆ ಲಾರಿಗಳ ನಡುವೆ ದುಡಿದವರ ಬೇಡಿಕೆಗಳು ಅಷ್ಟು ಗಂಭೀರವಾಗಿ ಪರಿಗಣಿತವಾಗಲಿಲ್ಲ. ಸ್ವತಂತ್ರ ಕಾರ್ಮಿಕ ಸಂಘ ಇಂದಿಗೂ ಅಲ್ಲಿಲ್ಲ. ಸಂಘಟನೆಯ ಸ್ವಾತಂತ್ರ್ಯ ಮತ್ತು ಸಾಮೂಹಿಕ ಚೌಕಾಸಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 87 ಮತ್ತು 98ನೇ ಒಪ್ಪಂದಗಳನ್ನು ಸೌದಿ ಅನುಮೋದಿಸಿಲ್ಲ. ಭಾರತವೂ ಅನುಮೋದಿಸಿಲ್ಲ. ಈ ಎರಡನೆಯ ವಾಕ್ಯವನ್ನು ಬರೆಯದೆ ಮೊದಲನೆಯದನ್ನಷ್ಟೇ ಬರೆಯುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು.

2021ರ ಮಾರ್ಚ್ 14ರಂದು ಜಾರಿಗೆ ಬಂದ ಸುಧಾರಣೆ, ಕಫೀಲನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಷರತ್ತುಬದ್ಧವಾದ ದಾರಿಯೊಂದನ್ನು ತೆರೆಯಿತು. ಗ್ಯಾರೇಜಿನ ಮೆಕ್ಯಾನಿಕ್ ಅದರ ವ್ಯಾಪ್ತಿಯಲ್ಲಿ ಬರುತ್ತಾನೆ. ಅವನ ಕೋಣೆಯಲ್ಲೇ ಮಲಗುವ ಮನೆಯ ಡ್ರೈವರ್ ಬರುವುದಿಲ್ಲ. ಕಾಗದದ ಮೇಲೆ ಸಿಕ್ಕಿದ ಈ ಚಲನೆಯ ಸ್ವಾತಂತ್ರ್ಯವೂ ಬಿಸಿಯ ಪ್ರಶ್ನೆಯೇ. ಬೇರೆ ವರ್ಶಾಕ್ಕೆ ಹೋಗಬಲ್ಲವನು ಮಾತ್ರ ಈ ವರ್ಶಾದಲ್ಲಿ ಫ್ಯಾನು ಕೇಳಬಲ್ಲ. ವೀಸಾಕ್ಕೆ ಮಾಡಿದ ಸಾಲ ತೀರುವ ತನಕ ಕೇಳುವವರು ಕಡಿಮೆ.

ಊರಿನಲ್ಲಿ ಪರಿಸ್ಥಿತಿ ಇದಕ್ಕಿಂತ ಕೆಟ್ಟದ್ದಲ್ಲವೇ ಎಂಬ ವಾದ ಈ ಹಂತದಲ್ಲಿ ಬಂದೇ ಬರುತ್ತದೆ. ಅದರಲ್ಲಿ ನಿಜವಿದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ಹಳೆಯ ರೂಢಿ. ಫ್ಯಾನಿನ ಕೆಳಗೆ ಕೂರುವ ಗುಮಾಸ್ತನಿಗೆ ಸಿಗುವ ಈ ವಿನಾಯಿತಿ ಅದೇ ಊರಿನ ಲಾರಿ ಗ್ಯಾರೇಜಿನವನಿಗಿಲ್ಲ. 1948ರ ಫ್ಯಾಕ್ಟರಿ ಕಾಯ್ದೆ ಕೆಲಸದ ಜಾಗದ ಉಷ್ಣತೆಯ ಬಗ್ಗೆ 13ನೇ ಸೆಕ್ಷನ್ನಿನಲ್ಲಿ ಮಾತನಾಡಿತ್ತು, ಆದರೆ ನಾಲ್ಕಾರು ಜನ ದುಡಿಯುವ ಗ್ಯಾರೇಜು ಅದರ ಲೆಕ್ಕದಲ್ಲಿ ಫ್ಯಾಕ್ಟರಿಯೇ ಅಲ್ಲ. ಕೇರಳದಲ್ಲಿ ಬಿಸಿಲ ದುಡಿಮೆಗೆ ಮಧ್ಯಾಹ್ನ 12ರಿಂದ 3ರ ಬಿಡುವನ್ನು ಕಾರ್ಮಿಕ ಇಲಾಖೆ ಪ್ರತಿ ಬೇಸಿಗೆಯಲ್ಲೂ ಘೋಷಿಸುತ್ತದೆ. ಗಡಿ ದಾಟಿದರೆ ಅದೂ ಇಲ್ಲ. ಹಾಗೆಂದು ಇದು ಸೌದಿಯನ್ನು ಟೀಕಿಸದಿರಲು ಕಾರಣವಲ್ಲ. ದಮ್ಮಾಮ್‌ನಲ್ಲಿ ಕೇಳುವುದನ್ನು ರಾಯಚೂರಿನಲ್ಲೂ ಕೇಳಲು ಅದು ಕಾರಣ.

ಈ ಮೆಕ್ಯಾನಿಕ್‌ಗಳ ಕೈಯಲ್ಲಿರುವ ವಿದ್ಯೆ ಎಲ್ಲಿಂದ ಬಂತೆಂಬುದನ್ನೂ ನೋಡಬೇಕು. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೂಡಿ ಲಾರಿ ತಯಾರಿಸತೊಡಗಿತು. 1969ರಲ್ಲಿ ಆ ಒಪ್ಪಂದ ಮುಗಿದರೂ ಕರಾವಳಿಯಲ್ಲಿ ‘ಟಾಟಾ ಬೆಂಜ್’ ಎಂಬ ಹೆಸರು ಉಳಿಯಿತು. ಎಪ್ಪತ್ತರ ದಶಕದಲ್ಲಿ ಜಿದ್ದಾದಲ್ಲೂ ಬೆಂಜ್ ಲಾರಿಗಳ ಜೋಡಣೆ ಆರಂಭವಾಯಿತು. ಮಂಗಳೂರಿನ ಬಂದರಿನಲ್ಲಿ ಮೂತಿಲಾರಿಯ ಎಂಜಿನ್ ಬಿಚ್ಚಿ ಕಲಿತ ಕೈಗೆ ಕೊಲ್ಲಿಯ ಬೆಂಜ್ ತೀರಾ ಅಪರಿಚಿತವಾಗಿರಲಿಕ್ಕಿಲ್ಲ, ಒಂದೇ ವಂಶದ ಎಂಜಿನ್ನುಗಳು. ಈ ಜ್ಞಾನಕ್ಕೆ ಸರ್ಟಿಫಿಕೇಟು ಇರಲಿಲ್ಲ. ಈಗ ಸೌದಿಯ ಕೌಶಲ ಪರಿಶೀಲನೆಯ ಪರೀಕ್ಷೆಗಳು ಭಾರತದಲ್ಲೇ ನಡೆಯುತ್ತವೆ. ಮೊದಲ ಹಂತದಲ್ಲಿ ವೆಲ್ಡರ್, ಪ್ಲಂಬರ್, ವಾಹನ ಎಲೆಕ್ಟ್ರಿಷಿಯನ್ ಮುಂತಾದ ಐದು ಕಸುಬುಗಳು ಇದ್ದವು. 2025ರ ಜುಲೈಯಿಂದ ವಿದೇಶಿ ಕೆಲಸಗಾರರನ್ನು ಕೌಶಲಕ್ಕೆ ತಕ್ಕಂತೆ ಮೂರು ದರ್ಜೆಗಳಲ್ಲಿ ವಿಂಗಡಿಸುವ ಪದ್ಧತಿಯೂ ಬಂದಿದೆ. ಟರ್ಬೊದ ಮುಂದೆ ಎಷ್ಟು ಆಳಕ್ಕೆ ಸೂಜಿ ಇಳಿಸಬೇಕೆಂದು ಬಲ್ಲವನು ಯಾವ ದರ್ಜೆಗೆ ಸೇರುತ್ತಾನೆ? ಕಫೀಲನ ಕಾಗದದಲ್ಲಿ ‘ಸಾಮಾನ್ಯ ಕೂಲಿ’ ಎಂದು ಬರೆದಿದ್ದರೆ ಕೆಳಗಿನದಕ್ಕೇ.

ಸಾವಿನ ಕಾಗದದಲ್ಲೂ ಇಂಥದೇ ಒಂದು ಪದವಿದೆ. ಹ್ಯೂಮನ್ ರೈಟ್ಸ್ ವಾಚ್ ಮತ್ತು ಫೇರ್‌ಸ್ಕ್ವೇರ್ ಸಂಸ್ಥೆಗಳು 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ತನಿಖೆಗಳು, ಸೌದಿಯಲ್ಲಿ ಸತ್ತ ವಲಸೆ ಕೆಲಸಗಾರರ ಎಷ್ಟೋ ಪ್ರಕರಣಗಳು ಸರಿಯಾದ ತಪಾಸಣೆಯೇ ಇಲ್ಲದೆ ‘ಸಹಜ ಕಾರಣ’ ಎಂದು ದಾಖಲಾಗುವುದನ್ನು ಎತ್ತಿ ತೋರಿಸಿದವು. ಮುಳ್ಳು ನಡುವಿನಲ್ಲೇ ನಿಲ್ಲುವಂತೆ ಹೊಂದಿಸುವುದು ಎಂದರೆ ಇದೇ. ಸಹಜ ಸಾವಿಗೆ ಪರಿಹಾರವಿಲ್ಲ, ತನಿಖೆಯಿಲ್ಲ, ಕಾವಿನ ಮಾತಂತೂ ಇಲ್ಲವೇ ಇಲ್ಲ.

ಕರ್ನಾಟಕ ಸರ್ಕಾರ ಇದರಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ದೂರ ನೋಡಬೇಕಿಲ್ಲ. ಕೇರಳ 1996ರಲ್ಲೇ ಅನಿವಾಸಿಗಳಿಗೆಂದು ‘ನೋರ್ಕಾ’ ಇಲಾಖೆ ತೆರೆಯಿತು. ಕರ್ನಾಟಕದ ಅನಿವಾಸಿ ಭಾರತೀಯ ಸಮಿತಿಗೆ ಬಂಡವಾಳ ತರುವವರ ಮೇಲೆ ಇರುವ ಮಮತೆ ವೆಲ್ಡರನ ಮೇಲೂ ಇರಬೇಕು. ಸೌದಿಯಿಂದ ಮರಳಿದ ಕೆಲಸಗಾರರಿಗೆ ಮಂಗಳೂರು, ಉಡುಪಿ, ಭಟ್ಕಳಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂತ್ರಪಿಂಡ ಮತ್ತು ಶ್ವಾಸಕೋಶದ ಉಚಿತ ತಪಾಸಣೆ, ಎಲ್ಲಿ ಯಾವ ಕೆಲಸ ಎಷ್ಟು ವರ್ಷ ಮಾಡಿದರೆಂಬ ದಾಖಲೆ, ‘ಸಹಜ ಕಾರಣ’ ಎಂಬ ಕಾಗದದೊಡನೆ ಬರುವ ಪ್ರತಿ ಶವಕ್ಕೂ ಕುಟುಂಬ ಬಯಸಿದರೆ ಮರುಪರೀಕ್ಷೆ: ಇವು ಯಾವುದಕ್ಕೂ ರಿಯಾದ್‌ನ ಅನುಮತಿ ಬೇಕಾಗಿಲ್ಲ. ನೆರಳನ್ನೂ ಸೇರಿಸಿ ಅಳೆಯುವ ನಿಯಮಕ್ಕೆ ಅನುಮತಿ ಬೇಕು, ಅದಕ್ಕೆ ದೆಹಲಿ ಬಾಯಿ ತೆರೆಯಬೇಕು. ದ್ವಿಪಕ್ಷೀಯ ಮಾತುಕತೆಗಳಲ್ಲಿ ಕಚ್ಚಾ ತೈಲದ ಬೆಲೆಯ ಪಕ್ಕದಲ್ಲಿ 32.1 ಎಂಬ ಸಂಖ್ಯೆಯೂ ಒಂದು ಸಾಲಿನಲ್ಲಿ ಬರಬೇಕು. ಕ್ರೀಡಾಂಗಣಗಳ ಕಾಮಗಾರಿಗೆ ಮಣ್ಣು, ಉಕ್ಕು, ಕಾಂಕ್ರೀಟು ಹೊರುವ ಲಾರಿಗಳು ಕೆಟ್ಟಾಗ ಬಂದು ನಿಲ್ಲುವುದು ಸನಾಯಾದ ತಗಡಿನ ಕೆಳಗೇ, ಮಧ್ಯಾಹ್ನ 12ರಿಂದ 3ರ ನಡುವೆಯೂ.